ಜಾತ್ರೆಗೆ ಊರಲ್ಲೇ ಬರೆದ ಹಾಡಿನ ಹಾಸ್ಯ ನಾಟಕ: ಉದ್ದ, ಶ್ರುತಿ, ಮೈಕು, ಪರದೆ ಬಗ್ಗೆ ಸಲಹೆ ಬೇಕು

ಪ್ರಶ್ನೆ – ಮಲಪ್ರಭಾ ದಂಡೆ

ರೋಣ ತಾಲ್ಲೂಕಿನ ಹಳ್ಳಿ ತಂಡ ನಮ್ಮದು. ದವನದ ಹುಣ್ಣಿಮೆ ಜಾತ್ರೆಗೆ ಈ ಸಲ ಅಚ್ಚಾದ ಸಾಮಾಜಿಕ ನಾಟಕ ಬಿಟ್ಟು ಊರಲ್ಲೇ ಬರೆದದ್ದನ್ನು ಆಡುವುದೆಂದು ಗಟ್ಟಿಯಾಗಿದೆ. ಕತೆ ಬೋರ್‌ವೆಲ್ ಪಾಯಿಂಟ್ ತೋರಿಸುವವನದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾನೆ, ಕಾಯಿ ಎದ್ದು ನಿಂತಲ್ಲಿ ನೀರು ಅನ್ನುತ್ತಾನೆ. ಅವನನ್ನು ಮೊದಲು ಯಾರು ಕರೆಯಬೇಕೆಂದು ಮೂರು ಮನೆಯವರು ಜಗಳಕ್ಕೆ ಬೀಳುತ್ತಾರೆ.

14 ಪಾತ್ರ, 9 ಹಾಡು, ಉದ್ದ ನೋಟ್‌ಬುಕ್ಕಿನಲ್ಲಿ 96 ಪುಟ. ಮೂರು ಸ್ತ್ರೀ ಪಾತ್ರಕ್ಕೆ ಹೊರಗಿನ ಕಲಾವಿದೆಯರು, ಅವರು ಬರುವುದು ಎರಡು ದಿನ ಮೊದಲು. ಬರೀ ಓದಿದರೇ ನಾಲ್ಕು ತಾಸಿನ ಹತ್ತಿರ ಹೋಗುತ್ತಿದೆ. ಕೇಳಬೇಕಾದದ್ದು ಇಷ್ಟು:

ಎಷ್ಟು ಕಡಿಯಬೇಕು, ಎಲ್ಲಿ ಕಡಿಯಬೇಕು? ಗಂಡಸು ಹೆಂಗಸು ಕೂಡಿ ಹಾಡುವಾಗ ಶ್ರುತಿ ಯಾರದು ಹಿಡಿಯಬೇಕು? ಜನ ನಕ್ಕಾಗ ಮುಂದಿನ ಮಾತು ಮುಳುಗದಂತೆ ಏನು ಮಾಡಬೇಕು? ಬಯಲಲ್ಲಿ 24 ಅಡಿ ಅಗಲದ ವೇದಿಕೆಗೆ ಎಷ್ಟು ಮೈಕು? ಸಿನಿಮಾ ಧಾಟಿಗೆ ನಮ್ಮ ಮಾತು ಕೂಡಿಸಿದರೆ ತೊಂದರೆ ಇದೆಯೇ?


ಉತ್ತರ 1 – ಹಳೇ ಪ್ರಾಂಪ್ಟರ್

ಮೊದಲು ಲೆಕ್ಕ. ಉದ್ದ ನೋಟ್‌ಬುಕ್ಕಿನ ಒಂದು ಪುಟ ಮಾತು ರಂಗದ ಮೇಲೆ ಒಂದೂವರೆಯಿಂದ ಎರಡು ನಿಮಿಷ ತಿನ್ನುತ್ತದೆ. 96 ಪುಟ ಅಂದರೆ ಹತ್ತಿರ ಹತ್ತಿರ 170 ನಿಮಿಷ. ಹಾಡು ಒಂದಕ್ಕೆ ಚಪ್ಪಾಳೆ, ಒನ್ಸ್ ಮೋರ್ ಸೇರಿ ಐದು ನಿಮಿಷ ಹಿಡಿಯಿರಿ, ಒಂಬತ್ತಕ್ಕೆ 45. ಮೇಲೆ ನಗು, ಆಯೇರಿ (ಜನ ನಟರಿಗೆ ಕೊಡುವ ಕಾಣಿಕೆ), ಪರದೆ ಬದಲಾವಣೆ. ನಾಲ್ಕು ತಾಸು ದಾಟಿಯೇ ದಾಟುತ್ತದೆ.

ಹಿಂದಿನಂತೆ ರಾತ್ರಿ ಹತ್ತಕ್ಕೆ ಪರದೆ ಎತ್ತಿ ಬೆಳಗು ಹರಿಸುವ ಹಾಗೂ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಜಾತ್ರೆಗೆಂದು 12ರವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ನಿಮ್ಮ ದಿನ ಅದರಲ್ಲಿ ಬರುತ್ತದೆಯೋ ಇಲ್ಲವೋ ಠಾಣೆಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಅದನ್ನು ನಂಬಿ ಕೂರದೆ 7.15ಕ್ಕೆ ಶುರುಮಾಡಿ 9.45ಕ್ಕೆ ಮಂಗಳ ಹಾಡುವಂತೆ ನಾಟಕ ಕಟ್ಟಿ. ಅಂದರೆ 60 ಪುಟ, ಆರು ಹಾಡು, ಆಯೇರಿಗೆ ಕಾಲು ತಾಸು.

ಎಲ್ಲಿ ಕಡಿಯುವುದು? ಊರಲ್ಲಿ ಬರೆದ ನಾಟಕಕ್ಕೆ ಹತ್ತುವ ದೊಡ್ಡ ರೋಗ ಒಂದಿದೆ: ಪ್ರತಿ ಪಾತ್ರಧಾರಿಗೂ ‘ನನಗೊಂದು ಎಂಟ್ರಿ, ನನಗೊಂದು ಹಾಡು’. ಅದಕ್ಕೆ ಒಂದು ಪರೀಕ್ಷೆ ಇಡಿ. ಹಾಡು ಶುರುವಾಗುವ ಮೊದಲು ಇದ್ದ ಪರಿಸ್ಥಿತಿ ಹಾಡು ಮುಗಿದ ಮೇಲೂ ಹಾಗೇ ಇದ್ದರೆ ಆ ಹಾಡು ಹೋಗಲಿ. ಪಲ್ಲವಿಯಲ್ಲಿ ಎರಡು ಮನೆಯವರು ದೋಸ್ತರಾಗಿದ್ದು ಕೊನೆಯ ಚರಣಕ್ಕೆ ಬಡಿಗೆ ಹಿಡಿದಿದ್ದರೆ ಅದು ಉಳಿಯಲಿ. ಪಾಯಿಂಟ್ ಹೇಳುವವನು ಬಂದೆ ಎಂದು ಹಾಡಿ, ಆಮೇಲೆ ಬಂದೆ ಎಂದು ಮತ್ತೆ ಮಾತಿನಲ್ಲಿ ಹೇಳುವುದಿದ್ದರೆ ಮಾತು ಹೊಡೆದುಹಾಕಿ.

ನಗುವಿನ ಮಾತಿಗೆ ಬರುತ್ತೇನೆ. ನಗು ಏರುವಾಗ ಬಾಯಿ ತೆರೆಯಬಾರದು, ಪೂರ್ತಿ ಅಡಗುವವರೆಗೆ ಕಾಯಲೂ ಬಾರದು. ಅರ್ಧ ಇಳಿದಾಗ ಮುಂದಿನ ಮಾತು ಎತ್ತಬೇಕು. ಕಾಯುವ ಹೊತ್ತಿನಲ್ಲಿ ನಟ ಸುಮ್ಮನೆ ನಿಲ್ಲದೆ ಕೈಗೊಂದು ಕೆಲಸ ಇಟ್ಟುಕೊಳ್ಳಲಿ: ಕಾಯಿ ಒರೆಸುವುದು, ಟವೆಲ್ ಝಾಡಿಸುವುದು. ಬರೆಯುವಾಗಲೂ ಒಂದು ಎಚ್ಚರ ಬೇಕು. ನಗೆಮಾತಿನ ಬೆನ್ನಿಗೇ ಕತೆಯ ಮುಖ್ಯ ಸಂಗತಿ ಇಡಬೇಡಿ. ‘ನಾಳೆ ಮಷಿನ್ ಬರತೈತಿ’ ಅನ್ನುವುದು ಕೇಳದೆ ಹೋದರೆ ಮುಂದಿನ ಇಡೀ ಸೀನ್ ಜನಕ್ಕೆ ಅರ್ಥವಾಗುವುದಿಲ್ಲ. ಅಂಥ ಸಂಗತಿ ಮೂರು ಸಲ, ಮೂರು ಬಾಯಲ್ಲಿ ಬರಲಿ.

ಆಯೇರಿ. ನಡುವೆ ಮಂದಿ ಮೇಲೆ ಬಂದು ನಟನ ಅಂಗಿಗೆ ನೋಟು ಚುಚ್ಚಿ, ಮೈಕಿನಲ್ಲಿ ಹೆಸರು ಹೇಳಿಸಿ, ಹಾರ ಹಾಕಿ ಇಳಿಯುವಷ್ಟರಲ್ಲಿ ಹಾಸ್ಯದ ಓಟ ಸತ್ತುಹೋಗಿರುತ್ತದೆ. ಗಂಭೀರ ನಾಟಕ ಇದನ್ನು ತಡೆದುಕೊಳ್ಳುತ್ತದೆ, ಹಾಸ್ಯ ತಡೆಯುವುದಿಲ್ಲ. ಕೊಡುವವರ ಪ್ರೀತಿಯನ್ನು ನೋಯಿಸಲೂ ಬಾರದು. ವಿಂಗ್ (ವೇದಿಕೆಯ ಬದಿಮರೆ) ಪಕ್ಕ ಒಬ್ಬ ಹಿರಿಯರನ್ನು ಚೀಟಿ ಹಿಡಿದು ಕೂರಿಸಿ, ಎರಡು ಅಂಕಗಳ ನಡುವೆ ಪರದೆ ಬಿದ್ದಾಗ ಎಲ್ಲ ಹೆಸರೂ ಒಟ್ಟಿಗೆ ಓದಿಸಿ. ಈ ಪದ್ಧತಿಯನ್ನು ನಾಟಕದ ಮೊದಲೇ ಮೈಕಿನಲ್ಲಿ ಎರಡು ಸಲ ಹೇಳಿ.

ಇನ್ನೊಂದು, ಬಹಳ ಮುಖ್ಯ. ಊರಿನ ಕತೆ ಅಂದಮೇಲೆ ‘ಇದು ನಾನೇ’ ಎಂದು ಯಾರೋ ಎದ್ದು ನಿಲ್ಲುವ ಸಂಭವ ಇದ್ದೇ ಇದೆ. ಒಂದು ಪಾತ್ರಕ್ಕೆ ಮೂವರ ಚಾಳಿ ಕಲಸಿ. ಅಡ್ಡಹೆಸರು, ಜಾತಿ ಸೂಚಿಸುವ ಮಾತು, ಕುಂಟು ಕುರುಡಿನ ಹಾಸ್ಯ ಬೇಡ. ತಾಲೀಮಿನ ನಡುವೆ ಒಂದು ದಿನ ಊರಿನ ಆರೇಳು ಹೆಂಗಸರನ್ನು ಕೂರಿಸಿ ಓದಿ ಹೇಳಿ, ಅವರು ಸೆರಗು ಬಾಯಿಗೆ ಒತ್ತಿ ನೆಲ ನೋಡಿದ ಮಾತುಗಳಿಗೆಲ್ಲ ಗೀಟು ಹಾಕಿ.


ಉತ್ತರ 2 – ಪೇಟಿ ಕರಿ ಒಂದು

ಶ್ರುತಿಯ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರವಿದೆ. ನಮ್ಮ ಕಡೆ ಗಂಡಸರ ಧ್ವನಿ ಸಾಮಾನ್ಯವಾಗಿ ಕರಿ ಒಂದರಲ್ಲಿ (ಪೇಟಿಯ, ಅಂದರೆ ಹಾರ್ಮೋನಿಯಂನ, ಮೊದಲ ಕಪ್ಪು ಮನೆ), ಹೆಂಗಸರದು ಕರಿ ನಾಲ್ಕು ಇಲ್ಲವೇ ಐದರಲ್ಲಿ ಕೂರುತ್ತದೆ. ಕೂಡಿ ಹಾಡುವಾಗ ಒಬ್ಬರ ಶ್ರುತಿಗೆ ಇನ್ನೊಬ್ಬರನ್ನು ಎಳೆದರೆ ಒಂದೋ ಅವನು ಕಿರುಚುತ್ತಾನೆ, ಇಲ್ಲವೇ ಅವಳ ಧ್ವನಿ ಗಂಟಲಲ್ಲೇ ಉಳಿಯುತ್ತದೆ. ಹಾಗೆ ಮಾಡಬೇಡಿ. ಅವನು ಕರಿ ಒಂದರ ಷಡ್ಜದಲ್ಲಿ (ಆಧಾರ ಸ್ವರ ‘ಸ’) ತನ್ನ ಚರಣ ಹಾಡಲಿ. ಅವಳ ಸರದಿ ಬಂದಾಗ ಪೇಟಿಯವರು ಅವನ ಪಂಚಮವನ್ನೇ (‘ಪ’), ಅಂದರೆ ಕರಿ ನಾಲ್ಕನ್ನು, ಅವಳ ಷಡ್ಜ ಮಾಡಿಕೊಳ್ಳಲಿ. ಅವಳಿಗೆ ಅದೂ ಎತ್ತರ ಅನಿಸಿದರೆ ಅವನ ಮಧ್ಯಮ (‘ಮ’), ಕರಿ ಮೂರು. ಬದಲಿಸುವ ಜಾಗದಲ್ಲಿ ಪೇಟಿ ಒಂದು ಆವರ್ತ (ತಾಳದ ಒಂದು ಸುತ್ತು) ಹೊಸ ಷಡ್ಜ ಹಿಡಿದು ತೋರಿಸಬೇಕು, ಇಲ್ಲದಿದ್ದರೆ ಹಾಡುವವರು ಹಳೆಯದರಲ್ಲೇ ಎತ್ತಿಬಿಡುತ್ತಾರೆ.

ಕರಿ ಒಂದು–ಕರಿ ನಾಲ್ಕು ಜೋಡಿಗೆ ಇನ್ನೊಂದು ಅನುಕೂಲ ಉಂಟು. ತಬಲಾವನ್ನು ಕರಿ ನಾಲ್ಕಕ್ಕೆ ಕೂಡಿಸಿಟ್ಟರೆ ಅವನಿಗೆ ಅದು ಪಂಚಮ, ಅವಳಿಗೆ ಷಡ್ಜ. ಎರಡಕ್ಕೂ ಒಂದೇ ತಬಲಾ ಸಾಕು. ಆದರೆ ಸಣ್ಣ ಬಾಯಿಯ ತಬಲಾ ಇಷ್ಟು ಕೆಳಗೆ ಇಳಿಯುವುದಿಲ್ಲ, ದೊಡ್ಡ ಬಾಯಿಯದು ತರಿಸಿ. ಮಧ್ಯಾಹ್ನ ಮನೆಯಲ್ಲಿ ಕೂಡಿಸಿ ತಂದ ತಬಲಾ ಸಂಜೆ ಬಯಲಿಗೆ ಬಂದಮೇಲೆ ಇಳಿಯುತ್ತದೆ. ವೇದಿಕೆ ಮೇಲೆ ಅರ್ಧ ತಾಸು ಇಟ್ಟು, ಅಲ್ಲೇ ಸುತ್ತಿಗೆ ಹಿಡಿಯಬೇಕು. ಅಂಕ ಮುಗಿದಾಗಲೆಲ್ಲ ಇನ್ನೊಮ್ಮೆ ನೋಡಿಕೊಳ್ಳಿ.

ಹೊರಗಿನ ಕಲಾವಿದೆಯರಿಗೆ ಇವತ್ತೇ ಶ್ರುತಿ ಕೇಳಿ. ಅದೇ ಶ್ರುತಿಯಲ್ಲಿ ಪೇಟಿ, ತಬಲಾ ಬಾರಿಸಿ ಹಾಡು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿ. ಮಾತಿಗೆ ಇಡೀ ನೋಟ್‌ಬುಕ್ ಬೇಡ, ಅವರ ಮಾತು ಮತ್ತು ಅದರ ಹಿಂದಿನ ಮಾತಿನ ಕೊನೆಯ ನಾಲ್ಕು ಶಬ್ದ ಬರೆದ ಕ್ಯೂ ಹಾಳೆ ಸಾಕು.

ಹಾಸ್ಯದ ಹಾಡಿಗೆ ಕೆಹರವಾ (ಎಂಟು ಮಾತ್ರೆ) ಅಥವಾ ದಾದ್ರಾ (ಆರು ಮಾತ್ರೆ) ತಾಳ. ನಡೆ ಏರಿಸಿದಷ್ಟೂ ಶಬ್ದ ಕಲಸುತ್ತವೆ. ರಂಗದ ಮೇಲೆ ಉಮೇದಿಯಲ್ಲಿ ಲಯ ತಾನಾಗಿಯೇ ಏರುವುದರಿಂದ ತಾಲೀಮಿನಲ್ಲಿ ಒಂದು ಮೆಟ್ಟಿಲು ಕೆಳಗೇ ಇಡಿ. ನಗೆಯ ಶಬ್ದ ಸಾಲಿನ ಕೊಟ್ಟಕೊನೆಗೆ ಬರಬೇಕು. ನಿಮ್ಮ ಕತೆಗೇ ಹೇಳುವುದಾದರೆ, ‘ಬರೇ ಧೂಳು ಬಂತೋ ಮುನ್ನೂರ ಅಡಿಗೆ’ ಎಂದು ಬರೆದರೆ ನಗು ‘ಅಡಿಗೆ’ಯ ಮೇಲೆ ಬಿದ್ದು ಒಡೆಯುತ್ತದೆ. ‘ಮುನ್ನೂರ ಅಡಿ ಇಳದ ಮ್ಯಾಲ ಬಂತ ನೋಡೋ... ಧೂಳು!’ ಎಂದು ತಿರುಗಿಸಿ. ‘ನೋಡೋ’ ಆದ ಮೇಲೆ ಎರಡು ಮಾತ್ರೆ ತಬಲಾ, ಪೇಟಿ ಎರಡೂ ನಿಲ್ಲಬೇಕು. ‘ಧೂಳು’ ಬರೀ ಬಾಯಲ್ಲಿ ಬಂದು, ಅದರ ಬೆನ್ನಿಗೆ ಠೇಕಾ (ತಬಲಾದ ತಾಳದ ಬಡಿತ) ಬೀಳಬೇಕು. ಅದೇ ಸಾಲನ್ನು ಹಿಮ್ಮೇಳದವರು ಇನ್ನೊಮ್ಮೆ ಹಾಡಿದರೆ ಹಿಂದೆ ಟ್ರ್ಯಾಕ್ಟರ್ ಮೇಲೆ ಕೂತವರಿಗೂ ಮುಟ್ಟುತ್ತದೆ. ನಮ್ಮ ಕಡೆಯ ಬಯಲಾಟಗಳಾದ ಸಣ್ಣಾಟ, ಪಾರಿಜಾತದ ಹಿಮ್ಮೇಳ ಸಾಲು ತಿರುಗಿ ಎತ್ತುವುದರಲ್ಲಿ ಈ ಉಪಯೋಗವೂ ಇದೆ. ಮೈಕಿಲ್ಲದ ಕಾಲದ ಆ ಜಾಣತನವನ್ನು ನಾವು ಬಿಡಬಾರದು.

ಸಿನಿಮಾ ಧಾಟಿ: 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ತಂಡ ಟಿಕೆಟ್ ಇಲ್ಲದೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ಪ್ರದರ್ಶನಕ್ಕೆ ವಿನಾಯಿತಿ ಇದೆ. ಆದರೆ ಅದು ಆಡುವುದಕ್ಕೆ ಮಾತ್ರ. ವಿಡಿಯೊ ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿ ಜೊತೆಗೆ ಬರುವುದಿಲ್ಲ, ಹಾಡಿನ ಹಕ್ಕುದಾರರು ವಿಡಿಯೊ ತೆಗೆಸಬಹುದು. ಕಾಯ್ದೆ ಒತ್ತಟ್ಟಿಗಿರಲಿ, ಸಿನಿಮಾ ಧಾಟಿ ಕೇಳಿದ ಕೂಡಲೇ ಜನ ಮೂಲ ಹಾಡನ್ನೇ ಗುನುಗುತ್ತಾರೆ, ನಿಮ್ಮ ಮಾತು ಕಿವಿಗೆ ಹೋಗುವುದಿಲ್ಲ. ನಿಮ್ಮೂರಲ್ಲಿ ಬೀಸುವ ಪದ, ಡೊಳ್ಳಿನ ಪದ, ಹಂತಿ ಪದ ಬಲ್ಲವರು ಇನ್ನೂ ಇದ್ದಾರು. ಎತ್ತು ಕಣ ತುಳಿಯುವ ನಡೆಯ ಹಂತಿ ಧಾಟಿ ಕಾಯಿ ಹಿಡಿದು ಹೊಲ ಸುತ್ತುವ ದೃಶ್ಯಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತದೆ! ದಯವಿಟ್ಟು ಅದನ್ನೊಮ್ಮೆ ಪ್ರಯತ್ನಿಸಿ.


ಉತ್ತರ 3 – ಮೈಕ್‌ಸೆಟ್

24 ಅಡಿಗೆ ತೂಗುಮೈಕು ಮೂರು ಸಾಕು. ಜಾಸ್ತಿ ಹಾಕಿದರೆ ಕುಂಯ್ ಎಂದು ಕೂಗುವುದು ಜಾಸ್ತಿ, ಅಷ್ಟೇ. ಬಾಯಿಂದ ಮೈಕಿಗೆ ಎಷ್ಟು ದೂರವೋ ಮೈಕಿನಿಂದ ಮೈಕಿಗೆ ಅದರ ಮೂರು ಪಟ್ಟು ಅಂತರ ಬೇಕು. ಏಳೂವರೆ ಅಡಿ ಎತ್ತರಕ್ಕೆ ತೂಗುಬಿಟ್ಟರೆ ಬಾಯಿಂದ ಸುಮಾರು ಎರಡೂವರೆ ಅಡಿ. ಹಾಗಾಗಿ ಎಡತುದಿಯಿಂದ 4, 12, 20ನೇ ಅಡಿಗೆ ಒಂದೊಂದು. ಪ್ರತಿ ಮೈಕಿನ ಕೆಳಗೆ ನೆಲದ ಮೇಲೆ ಸುಣ್ಣದ ಗುರುತು ಹಾಕಿ, ತಾಲೀಮಿನಲ್ಲೇ ಆ ಗುರುತಿನ ಮೇಲೆ ನಿಂತು ಅಭ್ಯಾಸವಾಗಲಿ. ಪೇಟಿ, ತಬಲಾಕ್ಕೆ ಬೇರೆ ಎರಡು. ಸ್ಪೀಕರ್ ಯಾವತ್ತೂ ಮೈಕಿನ ಸಾಲಿಗಿಂತ ಏಳೆಂಟು ಅಡಿ ಮುಂದೆ, ಮುಖ ಜನರ ಕಡೆಗೆ. ಕಾಲರ್ ಮೈಕು ಕುಸ್ತಿ, ಓಟ ಇರುವ ಹಾಸ್ಯಕ್ಕೆ ಬೇಡ. ಬಟ್ಟೆ ಉಜ್ಜುತ್ತದೆ, ಬೆವರಿಗೆ ಕೆಡುತ್ತದೆ.

ಜಾತ್ರೆಯ ತಿಂಗಳು ಸಂಜೆಗೆ ಗಾಳಿ ಏಳುತ್ತದೆ. ಪರದೆಯ ಕೆಳ ಅಂಚಿನೊಳಗೆ ಉದ್ದಕ್ಕೂ ಕಬ್ಬಿಣದ ಪೈಪು, ಎರಡೂ ತುದಿಗೆ ಹಗ್ಗ. ಮೈಕಿಗೆ ಸ್ಪಂಜಿನ ಟೋಪಿ. ಕರೆಂಟು ಕಂಬದ ತಂತಿಗೆ ಕೊಕ್ಕೆ ಹಾಕಿ ತೆಗೆದುಕೊಳ್ಳುವುದು ಖಂಡಿತ ಬೇಡ, ಜೀವದ ಪ್ರಶ್ನೆ. ತಾತ್ಕಾಲಿಕ ಸಂಪರ್ಕ ಪಡೆಯಿರಿ ಇಲ್ಲವೇ ಜನರೇಟರ್ ತರಿಸಿ.

ಸೀನರಿಗೆ ನಾಲ್ಕು ಪರದೆ ಸಾಕು: ಬೀದಿ, ಹೊಲ, ಮನೆ, ಮುಂಪರದೆ. ಬೀದಿ ಪರದೆಯನ್ನು ಮುಂಭಾಗದಿಂದ ಆರು ಅಡಿ ಒಳಗೆ ಕಟ್ಟಿ. ಅದರ ಮುಂದೆ ಇಬ್ಬರು ಮಾತಾಡುತ್ತಿರುವಾಗ ಹಿಂದೆ ಮನೆಯ ಸಾಮಾನು ಜೋಡಿಸಿಕೊಳ್ಳಬಹುದು, ಕತ್ತಲೆ ಮಾಡಿ ಜನರನ್ನು ಕಾಯಿಸಬೇಕಿಲ್ಲ. ಕಂಪನಿ ನಾಟಕದವರ ಫ್ರಂಟ್ ಸೀನ್, ಡೀಪ್ ಸೀನ್ ಅಂದರೆ ಇದೇ. ಬಾದಾಮಿಯ ಬನಶಂಕರಿ ಜಾತ್ರೆ ನಿಮಗೆ ಹತ್ತಿರ, ಅಲ್ಲಿ ಕಂಪನಿಗಳು ಟೆಂಟ್ ಹಾಕಿದಾಗ ಒಂದು ಆಟ ಪರದೆ ಬದಲಾವಣೆಯನ್ನಷ್ಟೇ ಗಮನಿಸುತ್ತ ನೋಡಿ. ನೀಲಿ, ಹಸಿರು ಲೈಟಿನಲ್ಲಿ ಕುಂಕುಮ, ಕೆಂಪು ಸೀರೆ ಕಪ್ಪಾಗಿ ಕಾಣುತ್ತವೆ. ಹಾಸ್ಯಕ್ಕೆ ಮುಖ ಕಾಣಬೇಕು, ಬೆಚ್ಚನೆಯ ಬಿಳಿ ಬೆಳಕು ಇಡಿ.


ಮರುಪ್ರಶ್ನೆ – ಮಲಪ್ರಭಾ ದಂಡೆ

ಮೂವರಿಗೂ ಶರಣು. ಹಾಡು ಆರಕ್ಕೆ ಇಳಿಸಿದೆವು. ಒಂದು ತೊಡಕು ಉಳಿದಿದೆ. ಕೊನೆಯ ಜಗಳದ ಹಾಡಿನಲ್ಲಿ ಮೂರು ಮನೆಯವರು ಏಕಕಾಲಕ್ಕೆ ಬೇರೆ ಬೇರೆ ಮಾತು ಹಾಡುತ್ತಾರೆ. ಸಂತೆಯ ಗದ್ದಲ ಆಗುತ್ತಿದೆ, ಒಂದು ಶಬ್ದವೂ ತಿಳಿಯುತ್ತಿಲ್ಲ.


ಉತ್ತರ – ಪೇಟಿ ಕರಿ ಒಂದು

ಪ್ರತಿ ಮನೆಯ ಸಾಲು ಮೊದಲು ಒಂಟಿಯಾಗಿ ಎರಡು ಸಲ ಕೇಳಿಸಲಿ, ಆ ಹೊತ್ತು ಉಳಿದಿಬ್ಬರು ಬರೀ ಕೈಬಾಯಿ ಆಡಿಸಲಿ. ಮೂವರೂ ಕೂಡುವುದು ಕೊನೆಗೆ ಎರಡೇ ಆವರ್ತ. ಅಷ್ಟು ಹೊತ್ತಿಗೆ ಮಾತು ಜನಕ್ಕೆ ಬಾಯಿಪಾಠವಾಗಿರುತ್ತದೆ, ಗದ್ದಲವೇ ನಗು ತರುತ್ತದೆ. ಮೂರು ಸಾಲೂ ಒಂದೇ ಮಾತ್ರೆಯಲ್ಲಿ ಶುರುವಾಗದಂತೆ ಒಬ್ಬರು ಸಮಕ್ಕೆ (ತಾಳದ ಮೊದಲ ಮಾತ್ರೆ), ಇನ್ನೊಬ್ಬರು ಮೂರನೆಯದಕ್ಕೆ, ಮತ್ತೊಬ್ಬರು ಐದನೆಯದಕ್ಕೆ ಎತ್ತಲಿ. ಒಂದೊಂದು ಮನೆಯವರು ಒಂದೊಂದು ಮೈಕಿನ ಗುರುತಿನ ಮೇಲೆ ನಿಲ್ಲಲಿ. ಪೇಟಿ ಆಗ ಧಾಟಿ ಬಾರಿಸುವುದು ಬೇಡ, ಷಡ್ಜ–ಪಂಚಮ ಹಿಡಿದಿದ್ದರೆ ಸಾಕು. ಕಾಯಿ ಹಿಡಿದವನು ನಡುವೆ ಬಂದು ಕೈ ಎತ್ತಿದ ಕೂಡಲೇ ತೀಯಾ (ಒಂದೇ ಬೋಲು ಮೂರು ಸಲ) ಹೊಡೆದು ಎಲ್ಲ ನಿಲ್ಲಬೇಕು. ಈ ನಿಲುಗಡೆಯೊಂದನ್ನೇ ದಿನಾ ತಾಲೀಮಿನ ಮೊದಲು ಹತ್ತು ಸಲ ಮಾಡಿಸಿ.