ನಿಧಾನವಾಗಿ ನಡೆದ ರೇಸಿನಲ್ಲಿ ಕೊನೆಯ 400 ಮೀಟರ್ ಟೈಮ್ ನಂಬಬಹುದಾ?

ಪ್ರಶ್ನೆ
ಬೆಂಗಳೂರಿನ ರೇಸುಗಳ ಟೈಮ್ ಬರೆದಿಟ್ಟು ಕುದುರೆಗಳಿಗೆ ಅಂಕ ಕೊಡುತ್ತಿದ್ದೇನೆ. ನಿಧಾನವಾಗಿ ನಡೆದ ರೇಸು ಬಂದರೆ ಲೆಕ್ಕ ಕೆಡುತ್ತದೆ. ಒಟ್ಟು ಟೈಮ್ ಹಿಡಿದರೆ ಗೆದ್ದ ಕುದುರೆಯೂ ಪಟ್ಟಿಯ ತಳಕ್ಕೆ ಹೋಗುತ್ತದೆ. ಕೊನೆಯ 400 ಮೀಟರ್ ಹಿಡಿದರೆ ಅದೇ ಕುದುರೆ ಎಲ್ಲಕ್ಕಿಂತ ಮೇಲೆ ಬರುತ್ತದೆ, ಆಮೇಲೆ ಜೋರಾಗಿ ನಡೆದ ರೇಸಿನಲ್ಲಿ ಸೋಲುತ್ತದೆ. ಉದಾಹರಣೆಗೆ, 1600 ಮೀಟರ್‌ಗೆ 100 ಸೆಕೆಂಡ್, ಅದರಲ್ಲಿ ಕೊನೆಯ 400 ಮೀಟರ್‌ಗೆ 23. ಇದನ್ನು ಹೇಗೆ ನೋಡಬೇಕು?

ಉತ್ತರ
ಸರ್, ಆ 23ನ್ನು ಸುಮ್ನೆ ಒಂಟಿಯಾಗಿ ನೋಡಬೇಡಿ. 1600ಕ್ಕೆ 100 ಸೆಕೆಂಡ್ ಅಂದರೆ ಸರಾಸರಿ 400 ಮೀಟರ್‌ಗೆ 25. ಇದನ್ನು 23ರಿಂದ ಭಾಗಿಸಿ, 100ರಿಂದ ಗುಣಿಸಿ. 108.7 ಬರುತ್ತದೆ. ಕೊನೆಯ ವೇಗ ಸರಾಸರಿಗಿಂತ ಸುಮಾರು ಶೇ. 9 ಜಾಸ್ತಿ. ಇದು ರೇಸು ಹೇಗೆ ನಡೆಯಿತು ಅಂತ ಹೇಳುತ್ತದೆ. ಕುದುರೆಯ ತಾಕತ್ತು ಎಷ್ಟು ಅಂತ ಹೇಳುವುದಿಲ್ಲ.

1973ರಲ್ಲಿ ಅಮೆರಿಕದ ಹೆಸರಾಂತ ರೇಸು ಕೆಂಟಕಿ ಡರ್ಬಿಯಲ್ಲಿ ಸೆಕ್ರೆಟೇರಿಯಟ್ ಅನ್ನುವ ಕುದುರೆ ಒಂದೂಕಾಲು ಮೈಲಿ ಓಡಿತು. ಕಾಲು ಮೈಲಿಗೊಂದರಂತೆ 25.2, 24, 23.8, 23.4, 23 ಸೆಕೆಂಡ್. ಒಟ್ಟು 119.4. ಆ ಡರ್ಬಿಯ ದಾಖಲೆ ಇವತ್ತಿಗೂ ಅದೇ. ಎಂಥ ಓಟ! ಆದರೂ ಅದರ ಲೆಕ್ಕ ಬರುವುದು 103.8 ಮಾತ್ರ. ಹಾಗಂತ 108.7ರ ಕುದುರೆ ಅದಕ್ಕಿಂತ ದೊಡ್ಡದಲ್ಲ, ಅಲ್ವಾ? ಅದು ಮೊದಲ 1200 ಮೀಟರ್ ಶಕ್ತಿ ಉಳಿಸಿಕೊಂಡು ಬಂದಿತ್ತು, ಅಷ್ಟೇ.

ನಿಧಾನ ರೇಸಿನಲ್ಲಿ ಎಲ್ಲ ಕುದುರೆಗಳಲ್ಲೂ ಶಕ್ತಿ ಉಳಿದಿರುತ್ತದೆ. ಹಾಗಾಗಿ ಕೊನೆಗೆ ಗುಂಪಾಗಿ ಬರುತ್ತವೆ, ಸಾಧಾರಣ ಕುದುರೆಯೂ ಒಳ್ಳೆಯದರ ಪಕ್ಕದಲ್ಲೇ ಮುಗಿಸುತ್ತದೆ. ಅದಕ್ಕೇ ನಾನು ಗೆಲುವಿನ ಅಂತರಕ್ಕಿಂತ ಹಿಂದಿನಿಂದ ಬಂದ ಕುದುರೆಯನ್ನು ಮೊದಲು ನೋಡುತ್ತೇನೆ. ಗೆದ್ದ ಕುದುರೆ ಮುಂದಿತ್ತು ಅಂದುಕೊಳ್ಳಿ. ಇನ್ನೊಂದು ಕುದುರೆ 400 ಮೀಟರ್ ಉಳಿದಾಗ 5 ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಹಿಂದಿದ್ದು, 1 ಲೆಂಗ್ತ್‌ನಿಂದ ಸೋತಿತು. ಆ ವೇಗದಲ್ಲಿ ಒಂದು ಲೆಂಗ್ತ್ ಅಂದರೆ ಸುಮಾರು 0.14 ಸೆಕೆಂಡ್. ಅಂದರೆ ಅದರ ಕೊನೆಯ 400 ಮೀಟರ್ ಹತ್ತಿರ ಹತ್ತಿರ 22.4. ನನ್ನ ಪಟ್ಟಿಯಲ್ಲಿ ಅದು ಗೆದ್ದದ್ದಕ್ಕಿಂತ ಮೇಲೆ.

ಪ್ರಶ್ನೆ ಕೇಳಿದವರು
ಈಗ ಅರ್ಥವಾಯಿತು. ಆದರೆ ನಾನು ವಿಡಿಯೋ ನೋಡಿ ಕೈಯಲ್ಲೇ ಟೈಮ್ ಹಿಡಿಯುತ್ತೇನೆ. ಅದು ಸಾಕಾಗುತ್ತದಾ? ಮೈಸೂರಿನ ರೇಸುಗಳನ್ನೂ ಇದೇ ಪಟ್ಟಿಗೆ ಸೇರಿಸಬಹುದಾ?

ಉತ್ತರ
ಕೈ 0.3 ಸೆಕೆಂಡ್ ತಪ್ಪಿದರೆ ಎರಡು ಲೆಂಗ್ತ್ ಹೋಯಿತು, 108.7 ಇದ್ದದ್ದು 107.3 ಆಗುತ್ತದೆ. ಕ್ಯಾಮೆರಾ ಓರೆಯಾಗಿದ್ದರೆ 400ರ ಕಂಬ ದಾಟಿದ ಕ್ಷಣವೂ ಸರಿಯಾಗಿ ಸಿಗುವುದಿಲ್ಲ. ವಿಡಿಯೋವನ್ನು ಫ್ರೇಮ್ ಫ್ರೇಮ್ ಆಗಿ ನಿಲ್ಲಿಸಿ ಎಣಿಸಿ. ಮೈಸೂರಿಗೆ ಬೇರೆ ಪಟ್ಟಿ ಇಡಿ. ಟ್ರ್ಯಾಕ್ ಬೇರೆ, ದೂರ ಬೇರೆ ಆದರೆ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಬರುವ ಅಂಕೆಯೂ ಬದಲಾಗುತ್ತದೆ. ಅದೇ ದಿನ, ಅದೇ ದೂರದ ಇನ್ನೊಂದು ರೇಸು ಇದ್ದರೆ ಮೊದಲು ಅದರ ಜೊತೆ ಹೋಲಿಸಿ ನೋಡಿ.