ಮೇರಿಯನ್ನಳ ದಿನಚರಿಗೆ ಫುಕೋನ ವಾದವನ್ನು ಅನ್ವಯಿಸುವುದು ಹೇಗೆ?

ಪ್ರಶ್ನೆ:
ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ (1860) ಕಾದಂಬರಿಯ ಕುರಿತು ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ವಿಕ್ಟೋರಿಯಾ ಕಾಲದ ಸಮಾಜ ಲೈಂಗಿಕತೆಯ ಬಾಯಿ ಮುಚ್ಚಿಸಲಿಲ್ಲ, ಬದಲಿಗೆ ಅದರ ಬಗ್ಗೆ ಬಗೆಬಗೆಯಾಗಿ ಮಾತಾಡಿಸಿ ಆ ಮಾತನ್ನೇ ಹಿಡಿತದ ಸಾಧನವಾಗಿಸಿಕೊಂಡಿತು ಎಂದು ಫ್ರೆಂಚ್ ಚಿಂತಕ ಮಿಶೆಲ್ ಫುಕೋ 1976ರಲ್ಲಿ ಮಂಡಿಸಿದ ವಾದವೇ ನನಗೆ ಆಧಾರ. ಆದರೆ ಬರೆಯುತ್ತಾ ಹೋದಂತೆ ಪ್ರತಿ ಪಾತ್ರವೂ ‘ಅಧಿಕಾರ’ಕ್ಕೆ ಉದಾಹರಣೆಯಾಗಿ, ಕಾದಂಬರಿಯೇ ಮರೆಯಾಗುತ್ತಿದೆ. ಬಲ್ಲವರು ದಾರಿ ತೋರಿಸಬೇಕು.

ಉತ್ತರ 1:
ಸಿದ್ಧಾಂತವನ್ನು ಬದಿಗಿಟ್ಟು ಒಂದು ಸನ್ನಿವೇಶದಿಂದ ಹೊರಡಿ. ಲಾರಾಳ ಗಂಡ ಪರ್ಸಿವಲ್ ಮತ್ತು ಅವನ ಗೆಳೆಯ ಫಾಸ್ಕೋ ನಡೆಸುವ ಗುಟ್ಟಿನ ಮಾತುಕತೆಯನ್ನು ಕೇಳಲು ಲಾರಾಳ ಮಲಸಹೋದರಿ ಮೇರಿಯನ್ ರಾತ್ರಿ ವೆರಾಂಡದ ಮಾಡಿನ ಮೇಲೆ ಹೋಗುತ್ತಾಳೆ. ಹೋಗುವ ಮೊದಲು ರೇಷ್ಮೆಯ ಗೌನನ್ನೂ ತೊಡಕಾಗುವ ಒಳ ಉಡುಪುಗಳನ್ನೂ ಕಳಚಿಟ್ಟು ಕಪ್ಪು ಮೇಲಂಗಿ ಹೊದೆಯುತ್ತಾಳೆ. ಎಂದಿನ ಸಂಜೆಯ ಉಡುಪಿನಲ್ಲಿ ತನಗೆ ಕನಿಷ್ಠ ಮೂವರು ಗಂಡಸರ ಜಾಗ ಬೇಕಿತ್ತು, ಈಗ ಯಾವ ಗಂಡಸೂ ತನಗಿಂತ ಸಲೀಸಾಗಿ ನುಸುಳಲಾರ ಎಂದು ಅವಳೇ ದಿನಚರಿಯಲ್ಲಿ ಬರೆಯುತ್ತಾಳೆ. ಹೆಣ್ಣುತನ ಎನ್ನುವುದು ಎಷ್ಟರ ಮಟ್ಟಿಗೆ ಬಟ್ಟೆಯ ಅಳತೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುಟ ನನಗೆ ಗೊತ್ತಿಲ್ಲ. ಮಳೆಯಲ್ಲಿ ನೆನೆದು ಅವಳು ಜ್ವರದಿಂದ ಮಲಗಿದಾಗ ಫಾಸ್ಕೋ ಆ ದಿನಚರಿಯನ್ನು ಪೂರ್ತಿ ಓದಿ, ಕೊನೆಯಲ್ಲಿ ತನ್ನ ಮೆಚ್ಚುಗೆಯನ್ನೂ ಬರೆದಿಡುತ್ತಾನೆ. ಫುಕೋ ವಿವರಿಸುವ ತಪ್ಪೊಪ್ಪಿಗೆಯಲ್ಲಿ ಒಬ್ಬರು ಮನಸ್ಸು ಬಿಚ್ಚಿ ಹೇಳುತ್ತಾರೆ, ಕೇಳಿಸಿಕೊಂಡವರಿಗೆ ಬಲ ಬರುತ್ತದೆ. ಮೇರಿಯನ್ನಾದರೋ ಫಾಸ್ಕೋನಿಗೆ ಏನನ್ನೂ ಹೇಳಿರಲಿಲ್ಲ. ಸಿದ್ಧಾಂತ ಹೊಂದದ ಈ ಜಾಗದಲ್ಲೇ ನಿಂತು ಬರೆಯಿರಿ.

ಉತ್ತರ 2:
ಕಾನೂನನ್ನು ಬಿಟ್ಟು ಅಧಿಕಾರದ ಮಾತಾಡಿದರೆ ಅದು ಗಾಳಿಯಲ್ಲೇ ಉಳಿಯುತ್ತದೆ. ಮಕ್ಕಳಿಲ್ಲದೆ ಲಾರಾ ಗಂಡನಿಗಿಂತ ಮೊದಲು ತೀರಿಕೊಂಡರೆ ಅವಳ 20,000 ಪೌಂಡ್ ಗಂಡನಿಗೇ ಸೇರಬೇಕೆಂಬ ಕರಾರನ್ನು ವಕೀಲ ಗಿಲ್ಮೋರ್ ವಿರೋಧಿಸಿದರೂ ಚಿಕ್ಕಪ್ಪ ಒಪ್ಪಿಬಿಡುತ್ತಾನೆ. ಲಾರಾ ಸತ್ತಳೆಂದು ತೋರಿಸಿ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸುವ ಸಂಚಿನ ಬೇರು ಈ ಕರಾರಿನಲ್ಲಿದೆ. ಮದುವೆಯಾದ ಹೆಣ್ಣು ತನ್ನ ಆಸ್ತಿಯನ್ನು ತಾನೇ ಹೊಂದುವ ವಿಶಾಲ ಹಕ್ಕು ಇಂಗ್ಲೆಂಡಿನಲ್ಲಿ ಬಂದದ್ದು 1882ರ ಕಾಯ್ದೆಯಿಂದ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಮಾತಿನ ನಂತರ ದಿನಚರಿಯ ಭಾಗವನ್ನು ಮತ್ತೆ ಓದಿದೆ. ಲಾರಾಳಿಗಾಗಲಿ ಅವಳ ಸುತ್ತಲಿನವರಿಗಾಗಲಿ ಸಂಬಂಧಿಸದ ಭಾಗಗಳನ್ನು ಮಾತ್ರ ಬಿಡಲಾಗಿದೆ ಎಂಬ ಅಡಿಟಿಪ್ಪಣಿಯೊಂದು ಅಲ್ಲಿದೆ. ಇದುವರೆಗೆ ನಾನು ಅದನ್ನು ದಾಟಿಕೊಂಡೇ ಹೋಗಿದ್ದೆ. ಹಾಗಾದರೆ ಮೇರಿಯನ್ ಕೇವಲ ತನ್ನ ಬಗ್ಗೆ ಬರೆದುಕೊಂಡ ಪುಟಗಳು ನಮಗೆ ತಲುಪಿಯೇ ಇಲ್ಲ. ಫಾಸ್ಕೋ ಓದಿದ್ದು ಇಡೀ ದಿನಚರಿಯನ್ನು, ನಮಗೆ ಸಿಕ್ಕಿದ್ದು ಕತ್ತರಿಸಿದ್ದನ್ನು. ಮೊದಲ ಅಧ್ಯಾಯವನ್ನು ಇಲ್ಲಿಂದಲೇ ಹೊಸದಾಗಿ ಬರೆಯುತ್ತೇನೆ.