ಎಲೆ ರಸ ಕೊಡೋ ಮೊದಲು ಒಂದ್ಸಲ ಇದನ್ನ ಕೇಳಿ ಅತ್ತಿಗೆ

ಅತ್ತಿಗೆ, ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ್ದು ಪೂರ್ತಿ ಓದಿದೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ನಿತ್ಯಪುಷ್ಪದ ಎಲೆ ರಸ ಎರಡು ಚಮಚ, ಸಂಜೆ ಲಕ್ಷ್ಮಣಫಲದ ಎಲೆ ಕಷಾಯ, ಜೊತೆಗೆ ಅರಿಶಿನದ ಕ್ಯಾಪ್ಸೂಲ್, ಆಮೇಲೆ ದೊಡ್ಡಮ್ಮನ ಕ್ಯಾನ್ಸರಿಗೆ ಕೀಮೋ ಬೇಕಾಗಲ್ಲ ಅಂತ. ಕೀಮೋದಿಂದ ಅವರ ಕೈಕಾಲು ಜೋಮು ಹಿಡಿದಿದ್ದು ನೋಡಿ ನಿಮ್ಮ ಕರುಳು ಚುರುಕ್ ಅಂದಿರುತ್ತೆ, ಅದು ಅರ್ಥ ಆಗುತ್ತೆ. ಬರೆಯೋಕೆ ಹೋದ್ರೆ ಮುಗಿಯಲ್ಲ, ಮಾತಲ್ಲೇ ಹೇಳ್ತೀನಿ. ಅಣ್ಣನಿಗೂ ಕೇಳಿಸಿ.

ಮೊದಲನೇ ಮಾತು. ದೊಡ್ಡಮ್ಮನಿಗೆ ವಾರಕ್ಕೊಂದು ಸಲ ಡ್ರಿಪ್‌ನಲ್ಲಿ ಹೋಗ್ತಿರೋ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಇದೆಯಲ್ಲ, ಅದೇ ಒಂದು ಮರದ ಮದ್ದು. ಅಮೆರಿಕದ ಪಶ್ಚಿಮ ಕರಾವಳಿಯ ಕಾಡಲ್ಲಿ ಬೆಳೆಯೋ ಯೂ ಅನ್ನೋ ಮರದ ತೊಗಟೆಯನ್ನ 1962ರಲ್ಲಿ ತಂದು ಪರೀಕ್ಷೆ ಶುರು ಮಾಡಿದ್ರು. ಅದರೊಳಗಿನ ವಸ್ತು ಇಂಥದ್ದು ಅಂತ ವಾಲ್ ಮತ್ತು ವಾನಿ ಅನ್ನೋ ವಿಜ್ಞಾನಿಗಳು ಪ್ರಕಟಿಸಿದ್ದು 1971ರಲ್ಲಿ, ಔಷಧಿಯಾಗಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಒಂದು ಗ್ರಾಂ ತೆಗೆಯೋಕೆ ಹತ್ತು ಕೆಜಿಗೂ ಮೀರಿ ಒಣ ತೊಗಟೆ ಬೇಕಿತ್ತು. ತೊಗಟೆ ಸುಲಿದ್ರೆ ಮರ ಸಾಯುತ್ತೆ. ಅದಕ್ಕೇ ಈಗ ಯೂ ಜಾತಿಯ ಎಲೆಯಿಂದ ಅರ್ಧ ತಯಾರಿ ವಸ್ತು ತೆಗೆದು ಕಾರ್ಖಾನೇಲಿ ಪೂರ್ತಿ ಮಾಡ್ತಾರೆ, ಇಲ್ಲಾಂದ್ರೆ ಗಿಡದ ಜೀವಕೋಶಾನೇ ತೊಟ್ಟಿಯಲ್ಲಿ ಬೆಳೆಸ್ತಾರೆ. ವಾರದ ಲೆಕ್ಕ ಸಾಮಾನ್ಯವಾಗಿ ಮೈಯ ಹೊರ ವಿಸ್ತಾರದ ಒಂದು ಚದರ ಮೀಟರಿಗೆ 80 ಮಿಲಿಗ್ರಾಂ. ಆ ವಿಸ್ತಾರ 1.5 ಚದರ ಮೀಟರ್ ಬಂದ್ರೆ 120 ಮಿಲಿಗ್ರಾಂ, 12 ವಾರಕ್ಕೆ ಒಂದೂವರೆ ಗ್ರಾಂ ಹತ್ತಿರ. ಅಷ್ಟು ಸಣ್ಣ ಅಳತೆ ಮೇಲೆ ನಿಂತಿರೋ ಚಿಕಿತ್ಸೆ ಇದು. ಹಾಗಾಗಿ ಗಿಡದ ಮದ್ದೋ ಇಂಗ್ಲಿಷ್ ಮದ್ದೋ ಅನ್ನೋ ಜಗಳಾನೇ ಇಲ್ಲಿಲ್ಲ. ಅಳೆದು ಕೊಡ್ತಾರೋ ಅಳೆಯದೆ ಕೊಡ್ತಾರೋ ಅನ್ನೋದಷ್ಟೇ.

ನಿತ್ಯಪುಷ್ಪದ ವಿಚಾರ ಸುಳ್ಳಲ್ಲ. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿಗಳು ಎರಡೂ ಬಂದಿದ್ದು ಆ ಗಿಡದಿಂದಲೇ. ಕೆನಡಾದಲ್ಲಿ ನೋಬಲ್ ಮತ್ತು ಬಿಯರ್ ಅನ್ನೋರು ಸಕ್ಕರೆ ಕಾಯಿಲೆಗೆ ಆಗುತ್ತಾ ಅಂತ ನೋಡೋಕೆ ಹೋಗಿ, ಇಲಿಗಳ ಬಿಳಿ ರಕ್ತಕಣ ಇಳಿದಿದ್ದು ಕಂಡು ಈ ದಾರಿ ಹಿಡಿದ್ರು. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇವತ್ತಿಗೂ ಬೇಕೇ ಬೇಕು. ಆದ್ರೆ ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆಜಿ ಒಣ ಎಲೆ ಬೇಕು. ಅಂದ್ರೆ 5 ಗ್ರಾಂ ಒಣ ಎಲೇಲಿ 0.01 ಮಿಲಿಗ್ರಾಂ. ಚಿಕಿತ್ಸೆಗೆ ಒಂದು ಸಲಕ್ಕೆ ಹೆಚ್ಚುಕಮ್ಮಿ 10 ಮಿಲಿಗ್ರಾಂ ಬೇಕು, ಅದೂ ನೇರ ರಕ್ತನಾಳಕ್ಕೆ. ಬಾಯಿಂದ ಕುಡಿದ್ರೆ ಎಷ್ಟು ಮೈಗೆ ಹತ್ತುತ್ತೆ ಅನ್ನೋದಕ್ಕೆ ಲೆಕ್ಕ ಸಿಗಲ್ಲ. ಕ್ಯಾನ್ಸರಿಗೆ ಸಾಲದ ಆ ರಸದಲ್ಲಿ ಬೇರೆ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್ ಅನ್ನೋ ಗಿಡದ ರಾಸಾಯನಿಕಗಳು ಇವೆ. ಬಿಪಿ ಇಳಿಸೋದು, ಸಕ್ಕರೆ ಇಳಿಸೋದು ಎಲ್ಲ ಇವೆ. ದೊಡ್ಡಮ್ಮ ಬಿಪಿ ಮಾತ್ರೆ ಬೇರೆ ತಗೊಳ್ತಾರೆ. ಎಲೆ ಜಾಸ್ತಿ ಹಾಕಿ ಕುದಿಸಿ ಕುಡಿದವರಿಗೆ ಮೂಳೆಮಜ್ಜೆಯೇ ಸೊರಗಿದ್ದು ವೈದ್ಯರ ವರದಿಗಳಲ್ಲಿದೆ.

ನಮ್ಮ ಘಟ್ಟದ ಕಾಡಿನ ದುರ್ವಾಸನೆ ಮರ ಗೊತ್ತಲ್ಲ, ಹೂ ಬಿಟ್ಟಾಗ ಮೂಗು ಮುಚ್ಚಿಕೊಂಡು ಹೋಗೋದು? ಅದರ ತೊಗಟೆ, ಬೇರಲ್ಲಿ ಕ್ಯಾಂಪ್ಟೊಥೆಸಿನ್ ಅನ್ನೋ ಕ್ಯಾನ್ಸರ್ ಕೋಶ ಸಾಯಿಸೋ ವಸ್ತು ಇದೆ. ಇದನ್ನೂ 1966ರಲ್ಲಿ ಅದೇ ವಾಲ್, ವಾನಿ ಚೀನಾದ ಒಂದು ಮರದಿಂದ ಕಂಡುಹಿಡಿದಿದ್ದು. ಗಿಡದಲ್ಲಿದ್ದ ವಸ್ತುವನ್ನ ಬರೀ ಉಪ್ಪಿನ ರೂಪಕ್ಕೆ ತಂದು ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ರಕ್ತ, ತಡೆಯಲಾಗದ ಭೇದಿ. 1970ರ ದಶಕದಲ್ಲಿ ಆ ಪ್ರಯೋಗ ನಿಲ್ಲಿಸಬೇಕಾಯ್ತು. ಆಮೇಲೆ ಆ ಅಣುವಿನ ರೂಪ ತಿದ್ದಿ ಟೊಪೊಟೆಕಾನ್, ಇರಿನೊಟೆಕಾನ್ ಮಾಡಿದ ಮೇಲೇ ಅದು ಔಷಧಿ ಆಗಿದ್ದು, ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಈ ಮರಕ್ಕೆ ಬೇಡಿಕೆ ಬಂದು ಪಶ್ಚಿಮ ಘಟ್ಟದಲ್ಲಿ ಎಷ್ಟು ಕಡಿದಿದ್ದಾರೆ ಅನ್ನೋದು ಇನ್ನೊಂದು ಸಂಕಟ. ಯಾರಾದ್ರೂ ತೊಗಟೆ ಪುಡಿ ತಂದುಕೊಟ್ರೆ ದಯವಿಟ್ಟು ಇಸ್ಕೊಬೇಡಿ.

ಲಕ್ಷ್ಮಣಫಲದ ಎಲೆ ಮಾತ್ರ ಖಂಡಿತ ಬೇಡ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶ ಅದರ ಸಾರಕ್ಕೆ ಸಾಯುತ್ತೆ ಅನ್ನೋದನ್ನೇ ಮೆಸೇಜಲ್ಲಿ ಊದಿಸಿ ಬರೆದಿದ್ದಾರೆ. ಅಂಥ ತಟ್ಟೆಯಲ್ಲಿ ಸಾಯಿಸೋ ವಸ್ತುಗಳಲ್ಲಿ ಬಹುಪಾಲು ಮನುಷ್ಯನ ಮೈಯಲ್ಲಿ ಔಷಧಿಯಾಗಿ ನಿಲ್ಲಲ್ಲ. ಅದರಲ್ಲಿರೋ ಅನೊನಾಸಿನ್ ನರಕ್ಕೆ ವಿಷ. ಗ್ವಾಡಲೂಪ್ ಅನ್ನೋ ದ್ವೀಪದಲ್ಲಿ ಈ ಹಣ್ಣು, ಎಲೆ ಚಹಾ ರೂಢಿಯಿದ್ದವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಹೆಚ್ಚು ಕಂಡಿದ್ದು 1999ರಲ್ಲೇ ವರದಿಯಾಗಿದೆ. ದೊಡ್ಡಮ್ಮನ ಜೋಮಿಗೆ ಕಾರಣಾನೂ ನರವೇ. ಕೋಶ ಎರಡಾಗುವಾಗ ಒಳಗೆ ಎಳೆ ಎಳೆಯಾಗಿ ನಳಿಗೆಗಳು ಕಟ್ಟಿಕೊಂಡು ಮತ್ತೆ ಬಿಚ್ಚಿಕೊಳ್ಳಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಅದನ್ನ ಬಿಚ್ಚೋಕೆ ಬಿಡಲ್ಲ, ಕೋಶ ಸಾಯುತ್ತೆ. ಉದ್ದದ ನರಗಳಲ್ಲಿ ಸಾಗಾಟ ನಡೆಯೋದೂ ಅದೇ ನಳಿಗೆ ಮೇಲೆ, ಅದಕ್ಕೇ ಪಾದ, ಬೆರಳ ತುದಿಯಿಂದ ಜೋಮು ಶುರುವಾಗೋದು. ಅದರ ಮೇಲೆ ಇನ್ನೊಂದು ನರದ ವಿಷ ಹಾಕೋದು ಬೇಡ.

ಅರಿಶಿನ ಸಾರಿಗೆ, ಪಲ್ಯಕ್ಕೆ ಹಾಕೋದಕ್ಕೆ ಏನೂ ತೊಂದ್ರೆ ಇಲ್ಲ. ಕ್ಯಾಪ್ಸೂಲ್ ಬೇಡ. ಅದರಲ್ಲಿ ಎಷ್ಟೋ ಸಲ ಕಾಳುಮೆಣಸಿನ ಪೈಪರಿನ್ ಅನ್ನೋ ವಸ್ತು ಸೇರಿಸಿರ್ತಾರೆ. ಅರಿಶಿನದ ಮುಖ್ಯ ವಸ್ತುವಾದ ಕರ್ಕ್ಯುಮಿನ್ 2 ಗ್ರಾಂಗೆ 20 ಮಿಲಿಗ್ರಾಂ ಪೈಪರಿನ್ ಸೇರಿಸಿದ್ರೆ ಮೈಗೆ ಹತ್ತೋದು ಎಷ್ಟೋ ಪಟ್ಟು ಏರುತ್ತೆ ಅಂತ 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ತೋರಿಸಿದ್ದು. ಯಾಕಂದ್ರೆ ಔಷಧಿಗಳನ್ನ ಕರಗಿಸೋ ಲಿವರಿನ ಕೆಲಸಕ್ಕೇ ಪೈಪರಿನ್ ತಡೆ ಹಾಕುತ್ತೆ. ಹಾಗಾದಾಗ ಕೀಮೋನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಹಿತ್ತಲಿನ ಚಕ್ಕೋತಕ್ಕೂ ಇದೇ ಥರದ ಗುಣ ಇದೆ, ಚಿಕಿತ್ಸೆ ಮುಗಿಯೋವರೆಗೆ ಅದನ್ನೂ ಬಿಡಿ. ಅಮೃತಬಳ್ಳಿ ಕಷಾಯಾನೂ ಬೇಡ, ಲಿವರ್ ಊತ ಬಂದ ವರದಿಗಳಿವೆ. ಕೊತ್ತಂಬರಿ ಜೀರಿಗೆ ಕಷಾಯ ಧಾರಾಳವಾಗಿ ಕೊಡಿ.

ಹಸಿ ರಸ ಅಂದ್ರೆ ಇನ್ನೊಂದು ಭಯ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುತ್ತೆ, ಎಲೆಯ ಮಣ್ಣಲ್ಲಿರೋ ಸಣ್ಣ ರೋಗಾಣುವೂ ರಕ್ತಕ್ಕೆ ಏರಬಹುದು. ತೋಟದಂಚಿನ ಗಿಡವಾದ್ರೆ ಅಡಿಕೆಗೆ ಹೊಡೆದ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕೂಡ ಎಲೆ ಮೇಲೆ ಬಿದ್ದಿರುತ್ತೆ. ಒಂದೆಲಗ, ದೊಡ್ಡಪತ್ರೆ ತಂಬುಳಿಯನ್ನ ಈಗ ಎಲೆ ಬೇಯಿಸಿಯೇ ಮಾಡಿ. ಜ್ವರ 100.4 ದಾಟಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಮಳೆಗಾಲದ ರಾತ್ರಿ ತೀರ್ಥಹಳ್ಳಿಯಿಂದ ಶಿವಮೊಗ್ಗ ಹತ್ತಿರ ಅಲ್ಲ, ಗಾಡಿ ಯಾರದ್ದು ಅಂತ ಇವತ್ತೇ ಮಾತಾಡಿಟ್ಟುಕೊಳ್ಳಿ. ಜ್ವರ ಅಳೆಯೋ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮುಚ್ಚಿಹೋಗುತ್ತೆ.

ಜೋಮಿಗೆ ಮಾಡಬೇಕಾದ್ದು ಇದು. ಮುಂದಿನ ಡ್ರಿಪ್‌ಗೆ ಹೋದಾಗ ಬರೀ ಜೋಮು ಅನ್ನಬೇಡಿ. ರವಿಕೆ ಹುಕ್ಕು ಹಾಕೋಕೆ ಆಗುತ್ತಾ, ನೆಲದ ಮೇಲಿನ ನಾಣ್ಯ ಹೆಕ್ಕೋಕೆ ಆಗುತ್ತಾ, ಚಪ್ಪಲಿ ಕಾಲಿಂದ ಜಾರಿದ್ದು ತಿಳಿಯುತ್ತಾ, ಇದನ್ನ ಡಾಕ್ಟರಿಗೆ ಬಿಡಿಸಿ ಹೇಳಿ. ಅದರ ಮೇಲೆ ಅವರು ಡೋಸ್ ಇಳಿಸ್ತಾರೆ, ಒಂದು ವಾರ ಮುಂದೂಡ್ತಾರೆ. ಹೇಳದೇ ಇದ್ರೆ ಅದೇ ಡೋಸ್ ಮುಂದುವರಿಯುತ್ತೆ, ಜೋಮು ಕಾಯಂ ಆಗಿಬಿಡಬಹುದು. ಮನೇಲಿ ಹಂಡೆ ನೀರಿನ ಬಿಸಿಯನ್ನ ಬೇರೆಯವರು ಮೊಣಕೈ ಹಾಕಿ ನೋಡಿದ ಮೇಲೇ ದೊಡ್ಡಮ್ಮ ಸ್ನಾನಕ್ಕೆ ಹೋಗಲಿ, ಪಾದ ಸುಟ್ರೂ ಅವರಿಗೆ ಗೊತ್ತಾಗಲ್ಲ. ಬರಿಗಾಲಲ್ಲಿ ತೋಟಕ್ಕೆ ಇಳಿಯೋದು ಬೇಡ, ಇಂಬಳ ಕಚ್ಚಿದ್ದೂ ತಿಳಿಯಲ್ಲ, ಆ ಗಾಯಕ್ಕೆ ಕೀವಾದ್ರೆ ಈಗ ಕಷ್ಟ.

ಇಷ್ಟರೊಳಗೆ ಏನಾದ್ರೂ ಕೊಟ್ಟುಬಿಟ್ಟಿದ್ರೆ ಮುಚ್ಚಿಡಬೇಡಿ ಅತ್ತಿಗೆ, ನಿಮ್ಮನ್ನ ಯಾರೂ ಬೈಯಲ್ಲ. ಯಾವ ಎಲೆ, ಎಷ್ಟು, ಎಷ್ಟು ದಿನ ಅಂತ ಒಂದು ಚೀಟಿಯಲ್ಲಿ ಬರೆದು ಕ್ಯಾಪ್ಸೂಲ್ ಡಬ್ಬಿ ಸಮೇತ ಫೈಲಿನೊಳಗಿಡಿ. ಡ್ರಿಪ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡ್ತಾರಲ್ಲ, ಆಗ ಲಿವರಿಂದೂ ಒಂದ್ಸಲ ನೋಡಿಬಿಡಿ ಅಂತ ಕೇಳಿ.